ಗುಂಪಾಗಿ ಓಡುವ ಕಣಗಳು

ಹುನಗುಂದದ ಬಸ್ಸುಗಳಿಗೆ ಒಂಟಿತನ ಆಗಿಬರುವುದಿಲ್ಲವೆಂದು ಕಾಣುತ್ತದೆ. ಬಾಗಲಕೋಟೆಯ ನಿಲ್ದಾಣದಲ್ಲಿ ತಾಸುಗಟ್ಟಲೆ ಕಾದರೂ ಒಂದರ ಸುಳಿವಿರುವುದಿಲ್ಲ. ಬಂದರೆ ಮದುವೆಗೆ ಹೊರಟ ಬೀಗರಂತೆ ಮೂರೂ ಒಟ್ಟಿಗೇ ಬರುತ್ತವೆ. ಮೊದಲನೆಯದು ತುಂಬಿ ತುಳುಕುತ್ತಿದ್ದರೆ ಕೊನೆಯದರಲ್ಲಿ ಕಂಡಕ್ಟರು ಕಾಲು ಚಾಚಿ ಕುಳಿತಿರುತ್ತಾನೆ. ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ದೃಶ್ಯ ಕಂಡಾಗಲೆಲ್ಲ ವೇಗವರ್ಧಕ ಯಂತ್ರದೊಳಗಿನ ಎಲೆಕ್ಟ್ರಾನುಗಳ ನೆನಪಾಗುತ್ತದೆ. ಅವುಗಳ ಪ್ರವಾಹವೂ ಸಮಧಾರೆಯಲ್ಲ. ಇಲ್ಲಿ ದಟ್ಟ, ಅಲ್ಲಿ ವಿರಳ, ಗುಂಪುಗುಂಪಾಗಿಯೇ ಓಟ. ಓದುಗ ಮಹಾಶಯರೇ, ಆಕಳಿಸಬೇಡಿ. ಆ ಕೆಲಸವನ್ನು ನನ್ನ ವಿದ್ಯಾರ್ಥಿಗಳು ಸಾಕಷ್ಟು ಮಾಡಿದ್ದಾರೆ.

ಅಂಥದೊಂದು ಯಂತ್ರ ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನನ್ನ ಅಕ್ಕನ ಎದೆಗೆ ದಿನವೂ ಕಿರಣ ಕೊಡುತ್ತಿತ್ತು. ಗಡ್ಡೆ ತೆಗೆದಾಗಿತ್ತು, ಅದು ಮರಳಿ ಚಿಗುರಬಾರದೆಂದರೆ ಈ ಚಿಕಿತ್ಸೆಯನ್ನು ನಡುವೆ ಬಿಡುವಂತಿರಲಿಲ್ಲ. ಕಿರಣ ಹಾಯುವಾಗ ರೋಗಿಯನ್ನಷ್ಟೇ ಕೋಣೆಯಲ್ಲಿ ಬಿಟ್ಟು ಸಿಬ್ಬಂದಿ ಹೊರಗಿರುವುದು ನಿಯಮ. ಕೆಲವು ದಿನ ಹೇಗೋ ಸಹಿಸಿದ ಅಕ್ಕ ಒಮ್ಮೆ ಬಾಗಿಲಲ್ಲೇ ನಿಂತುಬಿಟ್ಟಳು.

"ನನ್ನ ಮಲಗಿಸಿ ಎಲ್ಲಾರೂ ಹೊರಗ ಹೋಗ್ತಾರ. ನಾವು ಹೆಣಾನೂ ಹಂಗ ಒಂಟಿ ಬಿಡಂಗಿಲ್ಲ. ನಾ ಒಲ್ಲೆ, ಊರಿಗೆ ನಡಿ."

ನನಗೆ ಭಯವಾಯಿತು. ಭಯವಾದಾಗ ನಾನು ಪಾಠ ಮಾಡುತ್ತೇನೆ. ಎಲೆಕ್ಟ್ರಾನುಗಳೆಲ್ಲ ಋಣಾವೇಶದವು, ಒಂದನ್ನೊಂದು ದೂಡುತ್ತವೆ, ತಮ್ಮ ಪಾಡಿಗೆ ಬಿಟ್ಟರೆ ಚದುರಿಹೋಗುತ್ತವೆ. ಯಂತ್ರದೊಳಗೆ ಹಾಯುವ ವಿದ್ಯುತ್ಕಾಂತ ಅಲೆಯೇ ಹಿಂದುಳಿದದ್ದನ್ನು ನೂಕಿ, ಮುಂದೋಡುವುದನ್ನು ತಡೆದು ಅವುಗಳ ಗುಂಪನ್ನು ಕಾಯುತ್ತದೆ ಎಂದು ಸವಿಸ್ತಾರವಾಗಿ ವಿವರಿಸಿದೆ.

"ಅವಕ್ಕಾದ್ರೂ ಜೋಡಿ ಐತಿ," ಎಂದಳು ಅಕ್ಕ.

ಪಕ್ಕದಲ್ಲಿ ಕಲಾದಗಿಯ ಮಾಬೂಬಿ ನಿಂತಿದ್ದಳು. ಅವಳದೂ ಅದೇ ಚಿಕಿತ್ಸೆ. ಅಂದಿನ ಸರದಿ ಮುಗಿದು ಚೀಲ ಹೆಗಲೇರಿತ್ತು. ಅದನ್ನು ಇಳಿಸಿ ಕುರ್ಚಿಯಲ್ಲಿ ಕುಳಿತು, "ನೀ ಹೋಗ್ ಯಕ್ಕಾ. ನೀ ಹೊರಗ ಬರೂತನಕ ನಾ ಇಲ್ಲಿಂದ ಏಳಂಗಿಲ್ಲ," ಎಂದಳು. ಅಕ್ಕ ಒಳಗೆ ಹೋದಳು. ನಾನೂ ದಿನವೂ ಅಲ್ಲಿಯೇ ಕೂತಿರುತ್ತಿದ್ದೆ. ಆದರೆ ಬಾಯಿಬಿಟ್ಟು ಹೇಳಿರಲಿಲ್ಲ.

ಮರುದಿನ ಅಕ್ಕನ ಸರದಿ ಮೊದಲು ಬಂತು. ಮುಗಿಸಿ ಬಂದವಳನ್ನು ಬಸ್ಸಿನ ಹೊತ್ತಾಯಿತೆಂದು ಅವಸರಿಸಿದೆ. ಅವಳು ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಕುಳಿತು ಸೆರಗು ಹೊದ್ದುಕೊಂಡಳು.

"ಮಾಬೂಬಿ ಒಳಗದಾಳ," ಎಂದಳು. "ನೀನೂ ಕುಂದ್ರು."