ಗಂಗಮ್ಮ ಕೇಳದ ಪ್ರಶ್ನೆ

“ಯಾಕವ್ವ, ಅಷ್ಟು ದೂರ ನಿಂತೀಯ?”

ಹೊಸದುರ್ಗದ ಹತ್ತಿರದ ಹಳೇ ಕಲ್ಯಾಣಿಯಲ್ಲಿ ನನ್ನ ಬಾಣಂತಿ ಮಗಳು ಗಂಗೆಪೂಜೆ ಮಾಡುತ್ತಿದ್ದಳು. ನಾನು ಮೇಲಿನ ಮೆಟ್ಟಿಲಲ್ಲೇ ನಿಂತಿದ್ದೆ. ಹಾಗೆ ಕೇಳಿದ್ದು, ಹರಕೆಯ ಹಸಿರು ಬಳೆ ಅರ್ಪಿಸಲು ಬಂದಿದ್ದ ಅಪರಿಚಿತ ಅಜ್ಜಿ.

“ನಮ್ಮನೆಯವರು ತೀರ್ಕಂಡು ವರ್ಷ ಆತಜ್ಜಿ. ನಾನು ಪೂಜೆ ಸಾಮಾನು ಮುಟ್ಟಬಾರದು,” ಎಂದೆ.

“ನೀರಿಗೆ ಬಂದೋರ್ನ ಗಂಗಮ್ಮ ಯಾವತ್ತಾರ ಹಂಗೆ ಕೇಳ್ಯಾಳೇನು? ಕೈ ಕೊಡು.”

ಎರಡು ಬಳೆ ತೆಗೆದು ನನ್ನ ಬರಿಗೈಗೆ ತೊಡಿಸಿಯೇ ಬಿಟ್ಟರು. ಕೆಳಗೆ ಕರೆದೊಯ್ದು, ಉಳಿದವನ್ನು ನನ್ನ ಕೈಯಿಂದಲೇ ನೀರಿಗೆ ಬಿಡಿಸಿದರು. ಕಣ್ಣು ತುಂಬಿಕೊಂಡ ಮಗಳು ಕೂಸನ್ನು ನನ್ನ ತೋಳಲ್ಲಿಟ್ಟಳು.

ಮೊನ್ನೆ ಪಕ್ಕದ ಮನೆಯ ಸೀಮಂತಕ್ಕೆ ಹೋಗಿದ್ದೆ. ಮೂಲೆಯಲ್ಲಿ ಕೂರಲಿಲ್ಲ. ಬಸುರಿಯ ಮುಂದೆ ನಿಂತು ನಾನೂ ಆರತಿ ಎತ್ತಿದೆ.