ಪುಂಡಿಯ ಸಾಲಿನಲ್ಲಿ ಹನ್ನೊಂದು ಕುಂಡ

ಏಪ್ರಿಲ್ 12ರಂದು ಹನ್ನೆರಡು ಪುಂಡಿ ಬೀಜ ಹಾಕಿದೆ, ಕುಂಡಕ್ಕೆ ಒಂದರಂತೆ. ಮೇ 3ರ ಹೊತ್ತಿಗೆ ಒಂಬತ್ತು ಮೊಳೆತಿದ್ದವು. ಮೊಳೆಯದ ಮೂರು ಕುಂಡಗಳ ಮಣ್ಣನ್ನು ಮೂಲಂಗಿ ಪಾತಿಗೆ ಸುರಿದೆ. ಇದೆಲ್ಲ ನೋಟ್‌ಬುಕ್ಕಿನಲ್ಲಿದೆ.

ಡಬ್ಲಿನ್ ಅಂಚಿನ ಕ್ಲಾಂಡಾಲ್ಕಿನ್‌ನಲ್ಲಿರುವ ನನ್ನ ಬಾಡಿಗೆ ಮನೆಯ ಹಿತ್ತಲು ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಮೆಂತ್ಯ, ಮೂಲಂಗಿ, ನಾಲ್ಕು ಟೊಮೆಟೊ, ಒಂದು ಸಾಲು ಹುರುಳಿಕಾಯಿ. ಪುಂಡಿಗೆ ಇಲ್ಲಿನ ಗಾಳಿ ಆಗುವುದಿಲ್ಲ. ಅದನ್ನು ಜಿಪ್ ಎಳೆದು ಮುಚ್ಚುವ ಪ್ಲಾಸ್ಟಿಕ್ ಗ್ರೀನ್‌ಹೌಸಿನೊಳಗೆ ಇಟ್ಟಿದ್ದೆ.

ಬೀಜ ಕೊಟ್ಟವರು ಎರಡು ಬಸ್ ಸ್ಟಾಪ್ ಆಚೆಯ ಅಪಾರ್ಟ್‌ಮೆಂಟಿನಲ್ಲಿರುವ ದಾವಣಗೆರೆಯವರೊಬ್ಬರು. ಸಂಬಂಧಿಕರಲ್ಲ, ಆದರೂ ನನಗೆ ಅಕ್ಕ. ಶಾಲೆಗೆ ಹೋಗುವ ಮಗಳೊಂದಿಗೆ ಇರುವ ಅವರಿಗೆ ಬಾಲ್ಕನಿ ಕೂಡ ಇಲ್ಲ. ನಾನು ಮೈಸೂರಿನವನು, ಈ ಹುಳಿ ಸೊಪ್ಪಿನ ಪುಂಡಿಪಲ್ಯವನ್ನು ಮೊದಲು ತಿಂದದ್ದೇ ಅವರ ಮನೆಯಲ್ಲಿ. ಬೀಜ ಅವರದು, ಮಣ್ಣು ನನ್ನದು, ಸೊಪ್ಪು ಅರ್ಧರ್ಧ ಎಂದು ಮಾತಾಗಿತ್ತು.

ಆ ವರ್ಷ ಜನವರಿಯಲ್ಲಿ ನಾನು ಐರ್ಲೆಂಡಿನ ಪೌರತ್ವಕ್ಕೆ ಅರ್ಜಿ ಹಾಕಿದ್ದೆ. ಐದು ವರ್ಷ ವರ್ಕ್ ಪರ್ಮಿಟ್ಟಿನ ಮೇಲೆ ಇದ್ದು, ಪ್ರತಿ ಪ್ರಯಾಣದ ತಾರೀಕು ಬರೆದಿಟ್ಟುಕೊಂಡು ಹಾಕಿದ ಅರ್ಜಿ ಅದು. ಅರ್ಜಿದಾರ ಒಳ್ಳೆಯ ನಡತೆಯವನೇ ಎಂದು ಇಲ್ಲಿನ ಪೊಲೀಸರು, ಅಂದರೆ ಗಾರ್ಡಾದವರು, ನೋಡುತ್ತಾರೆ. ಮನೆಯ ಕರಾರು ನನ್ನ ಹೆಸರಿನಲ್ಲಿತ್ತು. ಇನ್ನೊಂದು ಕೊಠಡಿಯಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಇದ್ದ. ಇಲ್ಲಿ ಒಟ್ಟಿಗೆ ಓದಿದವರು ನಾವು. ಅವನ ಕೆಲಸ ಲೆಪರ್ಡ್ಸ್‌ಟೌನಿನ ಆಫೀಸೊಂದರಲ್ಲಿ.

ಜೂನ್‌ನಲ್ಲಿ ಇಪ್ಪತ್ತೆರಡು ದಿನ ಊರಿಗೆ ಹೋಗಿದ್ದೆ. ನೀರು ಹಾಕುವುದು ಗೆಳೆಯನ ಪಾಲು. ನಾನಿಲ್ಲದಾಗ ಅಕ್ಕ ಒಮ್ಮೆ ಬಂದು ಸೊಪ್ಪು ಕಿತ್ತುಕೊಂಡು ಹೋಗಿದ್ದರು. ವಾಪಸು ಬಂದ ಮರುದಿನ, ಮಂಗಳವಾರ, ಅವರ ಫೋನ್ ಬಂತು.

“ನಿನ್ನ ಮಣ್ಣು ಸರಿ ಇಲ್ಲ ಕಣೋ ತಮ್ಮಾ. ಈ ಸಲ ಪಲ್ಯಕ್ಕೆ ಹುಳಿನೇ ಇಲ್ಲ. ಹುಣಸೆಹಣ್ಣು ಹಾಕ್ಬೇಕಾಯ್ತು. ಪುಂಡಿಗೆ ಯಾರಾದ್ರೂ ಹುಣಸೆಹಣ್ಣು ಹಾಕ್ತಾರಾ?”

“ಬಿಸಿಲು ಕಮ್ಮಿ ಆಗಿರ್ಬೇಕು ಅಕ್ಕಾ.”

“ಬಿಸಿಲು ಕಮ್ಮಿ ಅಂತೀಯ, ಎರಡು ಗಿಡ ನನ್ನ ಭುಜದವರೆಗೂ ಬಂದವೆ. ಮಳೆ ಬೇರೆ ಬರ್ತಿತ್ತು, ಕೈಗೆ ಸಿಕ್ಕಿದ ಕುಡಿನೆಲ್ಲಾ ಚಿವುಟ್ಕೊಂಡು ಬಂದೆ.”

ಫೋನ್ ಇಟ್ಟು ಗ್ರೀನ್‌ಹೌಸಿಗೆ ಹೋಗಿ ಎಣಿಸಿದೆ. ಹನ್ನೊಂದು. ಇನ್ನೊಮ್ಮೆ ಎಣಿಸಿದೆ. ನೋಟ್‌ಬುಕ್ ತಂದು ನೋಡಿದೆ. ಒಂಬತ್ತು.

ಪುಂಡಿಯ ಎಲೆಯೂ ಬೆರಳು ಬಿಡಿಸಿದ ಅಂಗೈಯಂತೆಯೇ ಇರುತ್ತದೆ. ಆದರೆ ಅದರ ಕಾಂಡ ತುಸು ಕೆಂಪು, ಮುಟ್ಟಿದರೆ ಸಣ್ಣ ಮುಳ್ಳು ತಾಗುತ್ತದೆ. ಆ ಎತ್ತರದ ಎರಡಕ್ಕೆ ಮುಳ್ಳಿರಲಿಲ್ಲ. ಎಲೆಯ ಅಂಚು ಗರಗಸದಂತಿತ್ತು. ಕೈಗೆ ಅಂಟಿದ ವಾಸನೆ ನನಗೆ ಗೊತ್ತಿತ್ತು, ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನ ಹಿಂದಿನ ಸೀಟಿನದು. ಗಾಂಜಾ.

ಗೆಳೆಯ ಸಂಜೆ ಆರಕ್ಕೆ ಬಂದ. ನೇರವಾಗಿ ಕೇಳಿದೆ.

“ಎರಡೇ ಗಿಡ ಮಗಾ. ನೀನು ಊರಿಗೆ ಹೋದ್ಮೇಲೆ ಬೆಳೆದಿದ್ದನ್ನೇ ತಂದಿಟ್ಟೆ. ಗ್ರ್ಯಾಂಡ್, ಏನೂ ಆಗಲ್ಲ. ಪುಂಡಿ ಮಧ್ಯೆ ಇಟ್ರೆ ಯಾರಿಗೆ ಗೊತ್ತಾಗುತ್ತೆ? ಅಕ್ಕನಿಗೇ ಗೊತ್ತಾಗ್ಲಿಲ್ಲ!”

“ಅಕ್ಕ ಅದನ್ನ ಕಿತ್ಕೊಂಡು ಹೋಗಿ ಪಲ್ಯ ಮಾಡಿದಾರೆ.”

ಅವನು ನಕ್ಕ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ.

“ಇಲ್ಲಿ ಒಂದು ಗಿಡ ಇದ್ರೂ ಕೇಸ್ ಆಗುತ್ತೆ. ಕರಾರು ನನ್ನ ಹೆಸರಲ್ಲಿದೆ. ಪೌರತ್ವದ ಅರ್ಜಿ ಇನ್ನೂ ಬಾಕಿ ಇದೆ ಅಂತ ನಿನಗೆ ಗೊತ್ತಿತ್ತು.”

“ಒಂದು ತಿಂಗಳು ಬಿಡು ಗುರು. ಆಮೇಲೆ ನಾನೇ ತೆಗೀತೀನಿ.”

ಬಿಡಲಿಲ್ಲ. ಏಳು ಗಂಟೆಗೆ ಎರಡನ್ನೂ ಬುಡಸಮೇತ ಕಿತ್ತು, ಕತ್ತರಿಸಿ, ಹಿತ್ತಲ ಕಸ ಹಾಕುವ ಕಂದು ಬಿನ್ನಿನಲ್ಲಿ ಹುಲ್ಲಿನ ಕೆಳಗೆ ತುಂಬಿದೆ. ಆ ಬಿನ್ ಒಯ್ಯುವುದು ಗುರುವಾರ. ಬುಧವಾರ ಆಫೀಸಿಗೆ ಹೋಗುವ ಮೊದಲೂ ಬಂದ ಕೂಡಲೇ ಮತ್ತೊಮ್ಮೆಯೂ ಮುಚ್ಚಳ ಎತ್ತಿ ನೋಡಿದೆ. ಗುರುವಾರ ಬೆಳಿಗ್ಗೆ 7:40ಕ್ಕೆ ಲಾರಿ ಬಂತು.

ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಎರಡು ಕಾಲಂ ಹಾಕಿ ಬರೆದೆ. ಹೇಳಿದರೆ ನನ್ನ ಅರ್ಜಿ ಅವರ ಬಾಯಿಯ ಮೇಲೆ ನಿಲ್ಲುತ್ತದೆ, ಅವರಿರುವ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನೂರು ಜನ. ಬೇಡ ಎನ್ನುವ ಕಾಲಂ ಉದ್ದವಾಗಿತ್ತು. ಬೇಕು ಎನ್ನುವುದರಲ್ಲಿ ಒಂದೇ ಸಾಲು: ಅವರ ಮಗಳೂ ತಿಂದಿರುತ್ತಾಳೆ. ಶನಿವಾರ ಅವರ ಮನೆಗೆ ಹೋದೆ.

ಎಲ್ಲ ಕೇಳಿದ ಮೇಲೆ ಅಕ್ಕ ಅಡುಗೆಮನೆಯ ಬಾಗಿಲು ಮುಚ್ಚಿದರು. “ಮಗಳು ಎರಡು ಸಲ ಹಾಕಿಸ್ಕೊಂಡ್ಳಲ್ಲೋ!”

“ಆಮೇಲೆ ಏನಾಯ್ತು ಅಕ್ಕಾ?”

“ಏನಾಗ್ತೈತೆ? ಕೂತು ಹೋಂವರ್ಕ್ ಮಾಡಿದ್ಲು.” ಅವರಿಗೆ ನಗು ಬಂತೇನೋ, ಆದರೆ ತಡೆದುಕೊಂಡರು. “ಹೇಳೋಕೆ ಬಂದ್ಯಾ, ಇಲ್ಲ ಯಾರಿಗೂ ಹೇಳ್ಬೇಡಿ ಅಂತ ಕೇಳೋಕೆ ಬಂದ್ಯಾ?”

“ಎರಡಕ್ಕೂ.”

“ನಾನು ಯಾರಿಗೆ ಹೇಳ್ಲಿ? ಮಗೀಗೆ ತಿನ್ನಿಸಿದ್ದು ನಾನೇ ಅಲ್ವಾ? ಆದ್ರೆ ಆ ಹುಡುಗ ಅಲ್ಲಿರೋವರೆಗೂ ನಿನ್ನ ಹಿತ್ತಲಿಂದ ಒಂದೆಲೆನೂ ನನಗೆ ಬ್ಯಾಡ. ನಿನಗೂ ಅವನು ಬ್ಯಾಡ. ಇವತ್ತು ಕಿತ್ತೆ, ನಾಳೆ ಕಪಾಟಲ್ಲಿ ಇಡ್ತಾನೆ.”

ಅದೇ ಮಾತು ನನ್ನ ತಲೆಯಲ್ಲೂ ಇತ್ತು. ಭಾನುವಾರ ಗೆಳೆಯನಿಗೆ ಬೇರೆ ಕೊಠಡಿ ನೋಡಿಕೋ ಎಂದೆ.

“ನಿನ್ನ ಪಾಸ್‌ಪೋರ್ಟಿಗೋಸ್ಕರ ನಾನು ಮನೆ ಬಿಡ್ಬೇಕಾ?”

“ಸಿಗೋವರೆಗೂ ಇರು. ಆದ್ರೆ ಹೌದು.”

ಡಬ್ಲಿನ್‌ನಲ್ಲಿ ಕೊಠಡಿ ಸಿಗುವುದು ಎಷ್ಟು ಕಷ್ಟ ಎಂದು ಗೊತ್ತಿದ್ದೇ ಹೇಳಿದೆ. ಅವನಿಗೆ ಏಳು ವಾರ ಹಿಡಿಯಿತು, ಹದಿನೇಳು ಮನೆ ನೋಡಿದ. ಅವುಗಳಲ್ಲಿ ಮೂರಕ್ಕೆ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಅವನು ಅಡುಗೆ ಮುಗಿಸಿದ ಮೇಲೆ ನಾನು ಒಲೆ ಹಚ್ಚುತ್ತಿದ್ದೆ. ಹೋಗುವ ದಿನ ಟೊಮೆಟೊ ಕಟ್ಟಿಕೊಟ್ಟೆ, ಹದಿನಾಲ್ಕು. ಅವನು ಅವನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟು ಹೋದ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಆ ಕೊಠಡಿ ನೋಡಲು ಬಂದವರಿಗೆ, ಹಿತ್ತಲ ಬಾಗಿಲಿನ ಕೀಲಿ ನನ್ನ ಹತ್ತಿರವೇ ಇರುತ್ತದೆ ಎಂದು ಮೊದಲೇ ಹೇಳುತ್ತೇನೆ. ಏಕೆ ಎಂದು ಕೇಳಿದವರು ಐವರು. ಅವರಲ್ಲಿ ಇಬ್ಬರು ಉತ್ತರಕ್ಕೆ ಕಾಯದೆ ಹೊರಟುಹೋದರು. ಕೊಠಡಿ ಇನ್ನೂ ಖಾಲಿ ಇದೆ.