ಆಯಿಲಪ್ಪನ ಒಂದೇ ಪ್ರಶ್ನೆ

ಆಯಿಲಪ್ಪನ ಅಂಗಡಿಯಲ್ಲಿ ಹಳೇ ಕಾರಿಗೆ ಇಂಜಿನ್ ಆಯಿಲ್ ಕೊಳ್ಳುವಷ್ಟರಲ್ಲಿ ಹೊಸ ಕಾರೂ ಹಳತಾಗುತ್ತದೆ. ಎಷ್ಟು ಓಡಿದೆ, ಹೊಗೆ ಯಾವ ಬಣ್ಣ, ಬೆಳಿಗ್ಗೆ ಏಳುವಾಗ ಕೆಮ್ಮುತ್ತದೆಯೇ ಎಂದೆಲ್ಲ ವಿಚಾರಿಸಿ, ಅಳತೆಕಡ್ಡಿ ಎಳೆದು, ಆಯಿಲಿನ ಹನಿಯನ್ನು ಎರಡು ಬೆರಳ ನಡುವೆ ಉಜ್ಜುತ್ತ ಆತ ಕಣ್ಣು ಮುಚ್ಚಿದನೆಂದರೆ ಗಿರಾಕಿಯೂ ಒಂದು ನಿದ್ದೆ ತೆಗೆಯಬಹುದು. “ಎರಡು ಲಕ್ಷ ಕಿಲೋಮೀಟರ್ ಓಡಿ ಸವೆದಿದೆ, ಒಂದು ಗ್ರೇಡ್ ದಪ್ಪಂದು ಸಾಕು. ತೀರಾ ದಪ್ಪ ಹಾಕಿದ್ರೆ ಚಳೀಲಿ ಮೇಲಕ್ಕೇ ಹತ್ತಲ್ಲ, ನನ್ನ ಮಂಡಿ ಥರ!” ಎನ್ನುತ್ತಾನೆ. ಯಾರಾದರೂ ಎಲ್ಲಕ್ಕಿಂತ ದಪ್ಪನೆಯದೇ ಬೇಕೆಂದರೆ ಮಾತ್ರ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ. “ಗಾಡಿ ಇಟ್ಕೊಳ್ತೀರೋ, ಮಾರ್ತೀರೋ?” ದಪ್ಪ ಆಯಿಲ್ ಸದ್ದು, ಹೊಗೆ ಅಡಗಿಸಿ ಸವೆದ ಇಂಜಿನ್ನಿನ ಬಾಯನ್ನು ನಾಲ್ಕು ದಿನ ಮುಚ್ಚಿಸುತ್ತದೆ, ಅಷ್ಟರಲ್ಲಿ ಗಾಡಿ ಕೈಬದಲಾಗಿರುತ್ತದೆ. ಮಾರುವವನೆಂದು ತಿಳಿದರೆ ಡಬ್ಬಿ ಮರಳಿ ಕಪಾಟು ಸೇರಿತೆಂದೇ ಲೆಕ್ಕ. ಆದರೆ ಟೀಚರಮ್ಮನ ನೀಲಿ ಕಾರು ಬಂದರೆ ಆಯಿಲಪ್ಪ ಒಂದು ಮಾತೂ ಕೇಳದೆ ತಾನೇ ಬಾನೆಟ್ ಎತ್ತುತ್ತಾನೆ. “ಹದಿನೆಂಟು ವರ್ಷ ಆಯ್ತು, ನೀವಿದ್ದೀರಿ ಅಂತ ಈ ಗಾಡಿ ಉಳಿದಿದೆ ನೋಡಿ” ಎಂದು ಟೀಚರಮ್ಮ ಬಾಯ್ತುಂಬ ಹೊಗಳುತ್ತಾರೆ. ಹದಿನೆಂಟು ವರ್ಷದ ಹಿಂದೆ ಎಲ್ಲಕ್ಕಿಂತ ದಪ್ಪನೆಯ ಆಯಿಲ್ ಸುರಿದು ಆ ಸವೆದ ಗಾಡಿಯನ್ನು ಅವರಿಗೆ ಮಾರಿದ್ದ ಆಯಿಲಪ್ಪ ಬಾನೆಟ್ಟಿನಡಿಯಿಂದ ತಲೆ ಎತ್ತುವುದೇ ಇಲ್ಲ.